ಅವ್ವನ ಸಿಟ್ಟಿಗೆ ಬೆಲ್ಲ

ನಮ್ಮ ಮನೆಯಲ್ಲಿ ಅವ್ವನಿಗೆ ಸಿಟ್ಟು ಬಂದರೆ ಬೆಲ್ಲ ಕೊಡುತ್ತಿದ್ದರು. ನಗಬೇಡಿ. ಬೇರೆಯವರ ಮನೆಗಳಲ್ಲಿ ಹೆಂಗಸಿಗೆ ಸಿಟ್ಟು ಬಂದರೆ ಗಂಡ ಬಾರಿಸುತ್ತಾನೆ, ಅತ್ತೆ ತವರನ್ನು ಎತ್ತಿ ಆಡುತ್ತಾಳೆ, ಇಲ್ಲವೇ ಆಕೆಯೇ ಮೂಲೆ ಹಿಡಿದು ಅತ್ತು ಸುಮ್ಮನಾಗುತ್ತಾಳೆ. ನಮ್ಮಲ್ಲಿ ಹಾಗಲ್ಲ. ಅವ್ವ ದನಿ ಎತ್ತಿದಳೆಂದರೆ ಯಾರಾದರೊಬ್ಬರು ಅಡುಗೆಮನೆಗೆ ಓಡಿ, ಬೆಲ್ಲ ಕುಟ್ಟಿ, ತಂಬಿಗೆಯ ನೀರಿನಲ್ಲಿ ಕಲಸಿ ತಂದು ಅವಳ ಬಾಯಿಗೆ ಹಿಡಿಯುತ್ತಿದ್ದರು. ಕುಡಿಯುವವರೆಗೆ ಬಿಡುತ್ತಿರಲಿಲ್ಲ. ಕುಡಿದಾದ ಮೇಲೆ ಅವಳಿಗೆ ಯಾಕೆ ಸಿಟ್ಟು ಬಂದಿತ್ತು ಎಂದು ಕೇಳಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಇದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಎಂಬುದು ತಿಳಿಯದೆ ಇನ್ನಷ್ಟು ಉರಿಯುತ್ತದೆ. ಯಾಕೆಂದರೆ ಅದೇ ಬೆಲ್ಲದ ನೀರು ಅವ್ವನ ಜೀವ ಉಳಿಸಿದ್ದೂ ಖರೆ.

ಬನಹಟ್ಟಿಯ ನಮ್ಮ ಮನೆ ಉದ್ದಕ್ಕೆ ಒಳಹೋಗುವಂಥದ್ದು. ಬೀದಿಗೆ ಹತ್ತಿದ ಖೋಲಿಯಲ್ಲಿ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಬೆಳಗಿನಿಂದ ಬೈಗಿನವರೆಗೆ ಸೀರೆ ನೇಯುತ್ತಿದ್ದ. ಅದರ ಹಿಂದೆ ನಡುಮನೆ. ಅಲ್ಲಿ ಆಯಿಯ, ಅಂದರೆ ಅಪ್ಪನ ಅವ್ವನ, ರಾಜ್ಯ. ಆಕೆಯ ಮರದ ಸಂದೂಕದಲ್ಲಿ ಕಂಟ್ರೋಲ್ ಅಂಗಡಿಯಲ್ಲಿ ಅಳೆದು ಕೊಡುವ ಸಕ್ಕರೆ, ಕೊಬ್ಬರಿ, ಹಬ್ಬದ ಗೋದಿ ಎಲ್ಲವೂ ಕೀಲಿಯೊಳಗೆ. ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಆಮೇಲೆ ಹಿತ್ತಲು, ನೂಲಿಗೆ ಬಣ್ಣ ಹಾಕುವ ಹಂಡೆಗಳು. ನಡುಮನೆಯ ಬಾಗಿಲಲ್ಲಿ ಬೆಳಕು ಬೀಳುವ ಕಡೆ ಅವ್ವ ರಾಟಿ ಇಟ್ಟುಕೊಂಡು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಅಡುಗೆ, ನೀರು, ಕಸ ಮುಸುರೆ ಮುಗಿಸಿ ಕಂಡಿಕಿ. ಕಂಡಿಕಿ ಬಿಟ್ಟು ಏಳುವುದು ಮತ್ತೆ ಅಡುಗೆಗೆ. ಅವ್ವ ಮಾತು ಕಡಿಮೆಯವಳು. ಆಯಿ ಏನಂದರೂ “ಹೂಂರಿ ಅತ್ತಿ” ಅನ್ನುವವಳು. ಊರೊಳಗೆ ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ನಮ್ಮವ್ವನನ್ನು ತೋರಿಸುತ್ತಿದ್ದರು. ನನಗೂ ಅಕ್ಕ ಶಾಂತಾಳಿಗೂ ಅದು ಹೆಮ್ಮೆಯ ಸಂಗತಿಯಾಗಿತ್ತು, ಹುಚ್ಚು ಹುಡುಗಿಯರು!

ಜಮಖಂಡಿ ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ಸರಕಾರದವರಾದ ಹೊಸತು. ಅವ್ವ ಎಷ್ಟು ಉಂಡರೂ ಬಡಕಲಾಗುತ್ತಾ ಹೋದಳು, ಕೊಡಗಟ್ಟಲೆ ನೀರು ಕುಡಿದಳು. ಬಚ್ಚಲ ಬಾಯಿಗೆ ಇರುವೆ ಮುತ್ತತೊಡಗಿದವು. ಬಜಾರದಲ್ಲಿ ಆಗಷ್ಟೇ ದವಾಖಾನೆ ಹಾಕಿದ್ದ ಡಾಕ್ಟರು ಸಕ್ಕರೆ ಬೇನೆ ಎಂದರು, ದಿನಾ ಬೆಳಿಗ್ಗೆ ಸೂಜಿ ಎಂದರು. ಸೂಜಿ ಹಾಕುವುದನ್ನು ಅಪ್ಪನೇ ಕಲಿತ. ಗಾಜಿನ ಪಿಚಕಾರಿಯನ್ನು ಕುದಿಸಿ, ಹಸಿ ಉಸುಕಿನ ಗಡಿಗೆಯಲ್ಲಿ ತಂಪಾಗಿಟ್ಟ ಶೀಶೆಯಿಂದ ಔಷಧ ಎಳೆದು ಅವ್ವನ ತೋಳಿಗೆ ಚುಚ್ಚುತ್ತಿದ್ದ. ಡಾಕ್ಟರು ಒಂದು ಗಾಜಿನ ನಳಿಕೆ, ಒಂದು ನೀಲಿ ನೀರಿನ ಶೀಶೆಯನ್ನೂ ಕೊಟ್ಟಿದ್ದರು. ನೀಲಿ ನೀರಿಗೆ ಮೂತ್ರದ ಹನಿ ಬಿಟ್ಟು ದೀಪದ ಮೇಲೆ ಕಾಸಿದರೆ ಬಣ್ಣ ತಿರುಗುತ್ತಿತ್ತು. ನೀಲಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಅರಿಷಿಣವಾದರೆ ಜಾಸ್ತಿ, ಇಟ್ಟಂಗಿ ಬಣ್ಣ ಬಂದರೆ ವಿಪರೀತ ಏರಿದೆ ಎಂದು ಲೆಕ್ಕ. ಬಣ್ಣದ ವಿಷಯದಲ್ಲಿ ನಮ್ಮಪ್ಪನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನೂಲಿನ ಬಣ್ಣವನ್ನು ನೋಡುವಂತೆಯೇ ನಳಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ. ಆಯಿ ಮಾತ್ರ ಸೊಸೆಗೆ ಸಿಹಿ ವಿಷ ಎಂದು ಕೇಳಿದ್ದೇ ತಡ, ಬೆಲ್ಲದ ಪೆಂಟೆಯನ್ನೂ ಸಂದೂಕದೊಳಗೆ ಹಾಕಿ ಕೀಲಿ ಜಡಿದಳು.

ಶ್ರಾವಣದ ಒಂದು ಸೋಮವಾರ. ನಮ್ಮ ಹೆಣ್ಣುಮಕ್ಕಳು ಆ ದಿನ ಸಂಜೆ ಪೂಜೆಯಾಗುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ. ಅಪ್ಪ ಎಂದಿನಂತೆ ಬೆಳಿಗ್ಗೆ ಸೂಜಿ ಹಾಕಿದ, ಅವ್ವ ಎಂದಿನಂತೆ ಉಪವಾಸ ಹಿಡಿದಳು. ಎರಡೂ ಒಂದಕ್ಕೊಂದು ಕೂಡುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತು? ಬಿಸಿಲು ಏರುವ ಹೊತ್ತಿಗೆ ಅವ್ವನ ಕೈಯಲ್ಲಿ ನೂಲು ಗೋಜಲಾಗತೊಡಗಿತು. ಹಣೆಯಿಂದ ಬೆವರು ಇಳಿದು ಕುಪ್ಪಸ ತೊಯ್ದಿತ್ತು. ಆಯಿ ನಡುಮನೆಯಿಂದಲೇ ನೂಲು ಹಾಳುಮಾಡಬೇಡ ಎಂದು ಗದರಿದಳು. ಅವ್ವ ರಾಟಿಯನ್ನು ಕಾಲಿನಿಂದ ಒದ್ದು ಎದ್ದು ನಿಂತಳು.

“ಏ ಮಲ್ಲಪ್ಪಾ, ಬಾರೋ ಇಲ್ಲಿ! ನಿಮ್ಮವ್ವಗ ಕಂಡಿಕಿ ಸುತ್ತಾಕ ಹೇಳೋ! ಕುಂತ ಕುಂತ ಜಂಗ ಹಿಡದೈತಿ ಆ ಮುದಕೀಗೆ!”

ಮಗ್ಗ ನಿಂತಿತು. ಮಲ್ಲಪ್ಪ ಎಂಬುದು ಅಪ್ಪನ ಹೆಸರು. ಗಂಡನ ಹೆಸರು ಹೇಳಬೇಕಾದೀತೆಂದು ಮಲ್ಲಿಗೆ ಹೂವಿಗೂ ‘ಬಿಳಿ ಹೂವು’ ಅನ್ನುತ್ತಿದ್ದವಳು ಅವ್ವ. ಅವಳ ಕಣ್ಣು ಎಲ್ಲೋ ನೋಡುತ್ತಿದ್ದವು, ತುಟಿ ನಡುಗುತ್ತಿತ್ತು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅಯ್ಯಯ್ಯ, ಗಂಡನ ಹೆಸರ ಹಿಡದ ಕರೀತಾಳಲ್ಲೋ!” ಎಂದು ಆಯಿ ಬಾಯಿ ಬಡಿದುಕೊಂಡಳು. “ಇಕಿ ಮೈಯಾಗ ಯಾವದೋ ಬಂದೈತಿ. ಇಬತ್ತಿ ತಗೊಂಬಾ, ಓಡ ಶಾಂತೀ!”

ಓಣಿಯ ಹೆಂಗಸರೆಲ್ಲ ಒಳಗೆ ಬಂದರು. ಅವ್ವನ ಹಣೆಗೆ ವಿಭೂತಿ ಬಡಿದರು, ಮಣೆ ಹಾಕಿ ಕೂರಿಸಿದರು, ಎದುರಿಗೆ ಸೆರಗೊಡ್ಡಿ ನಿಂತರು. ಯಾರು ಬಂದೀರಿ, ಏನು ಬೇಕು ಕೇಳ್ರಿ ಎಂದು ಒಬ್ಬಳು ಕೈಮುಗಿದಳು. ಅವ್ವ ತೊದಲುತ್ತ ಹೇಳಿದ್ದು ಒಂದೇ ಮಾತು.

“ರೊಟ್ಟಿ... ರೊಟ್ಟಿ ಕೊಡ್ರಿ.”

ಉಪವಾಸದ ಹೆಂಗಸು ರೊಟ್ಟಿ ಕೇಳುವುದುಂಟೆ? ಕೇಳುತ್ತಿರುವುದು ಮೈಮೇಲೆ ಬಂದ ದೇವರೇ, ಅದಕ್ಕೆ ನೈವೇದ್ಯ ಬೇಕಾಗಿದೆ ಎಂದು ಎಲ್ಲರೂ ನಿಶ್ಚಯ ಮಾಡಿದರು. ಆಯಿ ಸಂದೂಕದ ಕೀಲಿ ತೆಗೆದು ಬೆಲ್ಲ, ಗೋದಿಹಿಟ್ಟು ಹೊರಗೆ ಹಾಕಿದಳು. ಮಡಿಯಲ್ಲಿ ಒಲೆ ಹೊತ್ತಿಸಿದರು. ಅವ್ವನ ಕಣ್ಣೆದುರಿಗೇ ಬೆಲ್ಲ ಕುಟ್ಟಿ ಹೂರಣಕ್ಕೆ ಇಟ್ಟರು. ಒಂದು ಚೂರೂ ಆಕೆಯ ಬಾಯಿಗೆ ಹಾಕಲಿಲ್ಲ. ಹೋಳಿಗೆ ಬೇಯುವ ಮೊದಲೇ ಅವ್ವ ಮಣೆಯಿಂದ ಪಕ್ಕಕ್ಕೆ ಉರುಳಿದಳು, ಕೈಕಾಲು ಸೆಟೆದುಕೊಂಡವು. ಆಗ ಅಪ್ಪನಿಗೆ ಏನನ್ನಿಸಿತೋ, ಚಪ್ಪಲಿ ಮೆಟ್ಟದೆ ಬಜಾರಕ್ಕೆ ಓಡಿದ. ಡಾಕ್ಟರು ಬಂದು ಆಕೆಯ ರಕ್ತನಾಳಕ್ಕೆ ದೊಡ್ಡ ಪಿಚಕಾರಿಯಿಂದ ಸಕ್ಕರೆ ನೀರನ್ನು ಏರಿಸಿದರು. ಸೂಜಿ ಹೊರಗೆ ತೆಗೆಯುವಷ್ಟರಲ್ಲಿ ಅವ್ವ ಕಣ್ಣು ತೆರೆದಳು. ಸುತ್ತ ನೆರೆದ ಜನರನ್ನು ಕಂಡು ನಾಚಿ ಸೆರಗು ಎಳೆದುಕೊಂಡಳು. ಆಕೆಗೆ ಏನೂ ನೆನಪಿರಲಿಲ್ಲ. ನೀನು ಗಂಡನ ಹೆಸರು ಹಿಡಿದು ಕರೆದೆ ಎಂದರೆ ಏನು ಮಾಡಿದರೂ ನಂಬಲಿಲ್ಲ.

ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

“ಇದು ದೇವರೂ ಅಲ್ಲ, ದೆವ್ವನೂ ಅಲ್ರಿ. ಸೂಜಿ ಹಾಕಿ ಉಣ್ಣಲಿಲ್ಲಂದ್ರ ರಕ್ತದಾಗಿನ ಸಕ್ರಿ ತೀರಾ ಇಳದ ಹೋಗತೈತಿ. ಮೈ ಬೆವರತೈತಿ, ಕೈ ನಡಗತಾವ, ಹಸಿವಿ ತಡಕೊಳ್ಳಾಕ ಆಗೂದಿಲ್ಲ, ಕಣ್ಣ ಮಂಜ ಆಗತಾವ. ಸುಮ್ನಿದ್ದವರಿಗೆ ಸಿಟ್ಟ ಬರತೈತಿ, ಏನೇನರ ಮಾತಾಡತಾರ. ಅದನ್ನ ಕಂಡಕೂಡ್ಲೆ ಬೆಲ್ಲದ ನೀರ ಕುಡಸ್ರಿ. ಸ್ವಲ್ಪ ಹೊತ್ತು ನೋಡಿ, ಆರಾಮ ಆಗಲಿಲ್ಲಂದ್ರ ಮತ್ತೊಮ್ಮೆ ಕುಡಸ್ರಿ. ಆಮ್ಯಾಲ ರೊಟ್ಟಿ ಉಣಸ್ರಿ.”

“ಮತ್ತ ಬೆಲ್ಲ ವಿಷ ಅಂದಿದ್ರಲ್ರಿ ಸಾಹೇಬ್ರ?” ಎಂದ ಅಪ್ಪ.

“ಬ್ಯಾರೆ ದಿನಾ ವಿಷ. ಇಂಥಾ ಹೊತ್ತಿನ್ಯಾಗ ಅದ ಔಷಧ. ಎಚ್ಚರ ತಪ್ಪಿದ್ರ ಮಾತ್ರ ಬಾಯಾಗ ಏನೂ ಹೊಯ್ಯಬ್ಯಾಡ್ರಿ, ಉಸಿರಿನ ಕೊಳವಿಗೆ ಹೋಗತೈತಿ. ಮಗ್ಗಲಾಗಿ ಮಲಗಿಸಿ ನನ್ನ ಕರೀರಿ. ಸಂಶಯ ಬಂತಂದ್ರ ಮೊದಲ ಬೆಲ್ಲ, ಆಮ್ಯಾಲ ವಿಚಾರ.”

ಒಳ್ಳೆಯ ಡಾಕ್ಟರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವತ್ತೇ ಬೆಲ್ಲದ ಪೆಂಟೆ ಸಂದೂಕದಿಂದ ಅಡುಗೆಮನೆಗೆ ಬಂತು. ಅವರ ಮಾತು ಕೇಳಿದ್ದಕ್ಕೇ ಆಮೇಲೆ ಒಂದೆರಡು ಸಲ ಅವ್ವ ನಮಗೆ ಉಳಿದಳು. ಒಮ್ಮೆ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದವಳು ದಾರಿಯಲ್ಲಿ ಬುಟ್ಟಿ ಎಸೆದು ಗೆಳತಿಯರನ್ನು ಬಯ್ಯತೊಡಗಿದಾಗ ಅಕ್ಕ ಕಟ್ಟಿಕೊಂಡು ಹೋಗಿದ್ದ ಬೆಲ್ಲವನ್ನು ಬಾಯಿಗಿಟ್ಟಳು. ಅವ್ವ ಚಪ್ಪರಿಸುತ್ತ ಚಪ್ಪರಿಸುತ್ತ ಮೆತ್ತಗಾದಳು. ನನಗೆ ಒಂದು ಕೆಲಸ ಗಂಟು ಬಿತ್ತು. ಅವ್ವ ಸ್ವಲ್ಪ ಜೋರಾಗಿ ಮಾತನಾಡಿದರೆ ನಾನು ಹಿಂದಿನಿಂದ ಹೋಗಿ ಆಕೆಯ ತುರುಬಿನ ಕೆಳಗೆ ಕೈಯಿಟ್ಟು ನೋಡಬೇಕು. ಕುತ್ತಿಗೆ ಹಸಿಯಾಗಿದ್ದರೆ ಸಕ್ಕರೆ ಇಳಿದಿದೆ. ಸಾಲೆಯಲ್ಲಿ ಇದ್ದಾಗಲೂ ನನ್ನ ಕೈಗೆ ಆ ತಣ್ಣನೆಯ ಬೆವರು ತಾಗಿದಂತಾಗಿ ಹೆದರಿಕೆಯಾಗುತ್ತಿತ್ತು. ಮನೆಗೆ ಬಂದವಳೇ ಪಾಟಿ ಎಸೆದು ಅವ್ವನನ್ನು ಹುಡುಕುತ್ತಿದ್ದೆ.

ಆದರೆ ಆಯಿಗೆ ಹಸಿ ಒಣ ಯಾವುದೂ ಬೇಕಿರಲಿಲ್ಲ. ಸೊಸೆ ಎದುರು ಮಾತನಾಡಿದರೆ ಅದು ಬೇನೆ ಎಂದು ಡಾಕ್ಟರೇ ಹೇಳಿದ್ದಾರಲ್ಲ, ಇನ್ನೇನು ಬೇಕು? ಅಕ್ಕನಿಗೆ ಹಾಲು ಯಾಕಿಲ್ಲ ಎಂದು ಅವ್ವ ಕೇಳಿದರೆ ಬೆಲ್ಲ. ತವರಿಗೆ ನಾಕು ದಿನ ಹೋಗಿಬರುತ್ತೇನೆ ಎಂದರೆ ಬೆಲ್ಲ. ಅಪ್ಪನಿಗೂ ಇದು ಬಲು ಸಲೀಸಾಯಿತು. ಅವ್ವ ಏನಾದರೂ ಹೇಳಲು ಮಗ್ಗದ ಹತ್ತಿರ ಹೋದರೆ ಅವನು ಲಾಳಿ ಬಿಡದೆ, “ಚೆನ್ನೀ, ನಿಮ್ಮವ್ವನ ಕುತ್ತಿಗಿ ನೋಡವಾ” ಎನ್ನುತ್ತಿದ್ದ. ಒಣಗಿದೆ ಎಂದರೂ “ಇರ್ಲಿ, ಒಂದೀಟ ಬೆಲ್ಲಾ ಕೊಡು” ಎನ್ನುತ್ತಿದ್ದ. ಬೇಕಿಲ್ಲದ ಬೆಲ್ಲ ತಿಂದು ಮರುದಿನ ನಳಿಕೆಯಲ್ಲಿ ಅರಿಷಿಣ ಬಣ್ಣ ಬಂದರೆ, ಬಾಯಿ ಕಟ್ಟುವುದಿಲ್ಲ ಎಂದು ಮತ್ತೆ ಅವ್ವನಿಗೇ ಬೈಗುಳ. ಓಣಿಯವರು ನೀರಿನ ದಾರಿಯಲ್ಲಿ “ಏನ ಗಂಗವ್ವಾ, ಇವತ್ತ ಸಕ್ರಿ ಏರೈತೋ ಇಳದೈತೋ?” ಎಂದು ಚಾಷ್ಟಿ ಮಾಡುತ್ತಿದ್ದರು. ಅವ್ವ ನಕ್ಕುಬಿಡುತ್ತಿದ್ದಳು. ಕೊಡದ ಕೆಳಗಿನ ಆ ನಗುವನ್ನು ನಾನು ನೋಡುತ್ತಿದ್ದೆ, ನನಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಬೀಳಗಿಯ ಅತ್ತೆ, ಅಪ್ಪನ ಅಕ್ಕ, ತನ್ನ ಮಗನಿಗೆ ನಮ್ಮ ಶಾಂತಕ್ಕನನ್ನು ಕೇಳಿದಳು. ಅಕ್ಕನಿಗೆ ಆಗ ಇನ್ನೂ ಸೀರೆ ಉಡಲು ಸರಿಯಾಗಿ ಬರುತ್ತಿರಲಿಲ್ಲ. ವರನಿಗೆ ಮೀಸೆ ಅರ್ಧ ನರೆತಿತ್ತು, ಅದು ಎರಡನೆಯ ಸಂಬಂಧ. ಮೊದಲ ಹೆಂಡತಿ ಹಿತ್ತಲ ಬಾವಿಯಲ್ಲಿ ತೇಲಿದ್ದಳು. ಕಾಲು ಜಾರಿತು ಎಂದು ಅತ್ತೆ ಹೇಳುತ್ತಿದ್ದಳು. ಅವ್ವ ಆ ಹುಡುಗಿಯ ಮಣ್ಣಿಗೆ ಹೋಗಿ, ಹೆಣಕ್ಕೆ ನೀರು ಹಾಕುವಾಗ ಬೆನ್ನನ್ನು ನೋಡಿ ಬಂದಿದ್ದಳು. ಏನು ಕಂಡಳೆಂದು ನಮಗೆ ಹೇಳಲಿಲ್ಲ; ಬಂದವಳು ಎರಡು ದಿನ ಉಣ್ಣದೆ ಮಲಗಿದ್ದಳು. ಈಗ ಅದೇ ಮನೆಗೆ ಮಗಳನ್ನು ಕೊಡುವುದೆಂದು ಆಯಿ ನಿರ್ಧರಿಸಿದ್ದಳು, ಅಪ್ಪ ತಲೆ ಆಡಿಸಿದ್ದ. ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ. ಹಸಿರು ಬಳೆ, ಹೊಸ ಸೀರೆ ಎಂದು ಕುಣಿಯುತ್ತಿದ್ದಳು. ಅವ್ವ ಮಗ್ಗದ ಹತ್ತಿರ ಹೋಗಿ ಅಪ್ಪನಿಗೆ ಮೆಲ್ಲಗೆ ಹೇಳಿದಳು, ಅತ್ತು ಹೇಳಿದಳು, ಕಡೆಗೆ ಕೂಗಿ ಹೇಳಿದಳು. ಕೂಗಿದ್ದಕ್ಕೆ ಬೆಲ್ಲದ ನೀರು ಬಂತು. ತಂಬಿಗೆಯನ್ನು ನನ್ನ ಕೈಗೇ ಕೊಟ್ಟು ಕಳಿಸಿದ್ದರು.

ನಮ್ಮ ಕಡೆ ಮದುವೆಯ ಮಾತು ಗಟ್ಟಿಯಾಗುವುದು ಬಾಯಿ ಸಿಹಿ ಮಾಡುವುದರಿಂದ. ಗಂಡಿನ ತಾಯಿ ಹೆಣ್ಣಿನ ತಾಯಿಯ ಬಾಯಿಗೆ ಐದು ಮಂದಿ ಹಿರಿಯರ ಮುಂದೆ ಸಕ್ಕರೆ ಹಾಕುತ್ತಾಳೆ. ಆ ಸಕ್ಕರೆ ಬಾಯಿಗೆ ಬಿತ್ತೆಂದರೆ ಹೆಣ್ಣು ಕೊಟ್ಟಂತೆ. ಆಮೇಲೆ ಆಕಾಶ ಕಳಚಿ ಬಿದ್ದರೂ ಮಾತು ತಿರುಗುವುದಿಲ್ಲ. ಅಕ್ಕನ ಮಾತು ಗಟ್ಟಿಯಾಗಬೇಕಿದ್ದ ದಿನ ಬೆಳಿಗ್ಗೆ ಅಪ್ಪ ಸೂಜಿ ಕುದಿಸಿಕೊಂಡು ಬಂದಾಗ ಅವ್ವ ತೋಳು ಕೊಡಲಿಲ್ಲ. ರಾತ್ರಿ ಹೊತ್ತು ಸೂಜಿ ಹಾಕುವ ರೂಢಿಯೇ ಇರಲಿಲ್ಲ. ಎದ್ದವಳೇ ಎರಡು ರೊಟ್ಟಿ, ಮೇಲೆ ಬೆಲ್ಲ ಹಚ್ಚಿಕೊಂಡು ನನ್ನೆದುರಿಗೆ ಕೂತು ತಿಂದಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನಳಿಕೆಯನ್ನು ತಾನೇ ದೀಪದ ಮೇಲೆ ಕಾಸಿ ತಂದು ಬಾಗಿಲ ಬೆಳಕಿನಲ್ಲಿ ಅಪ್ಪನ ಮುಖದ ಮುಂದೆ ಹಿಡಿದಳು.

“ನೋಡ್ರಿ, ಯಾವ ಬಣ್ಣ?”

ಅಪ್ಪ ನೋಡಿದ. ನಾನೂ ನೋಡಿದೆ.

“ಇಟ್ಟಂಗಿ,” ಎಂದ.

“ಅಂದ್ರ ಸಕ್ರಿ ಮ್ಯಾಲೈತಿ, ಹೌದಲ್ರಿ? ಇವತ್ತ ಸೂಜೀನೂ ಇಲ್ಲ, ಉಪಾಸನೂ ಇಲ್ಲ. ಇವತ್ತ ನಾ ಏನ ಮಾತಾಡಿದ್ರೂ ಅದು ಬ್ಯಾನಿ ಅಲ್ಲ, ನಾನ ಮಾತಾಡಿದ್ದು. ಅಷ್ಟ ನೆನಪಿಟ್ಟುಕೋರಿ.”

ಅಪ್ಪ ಪಿಚಕಾರಿ ಹಿಡಿದುಕೊಂಡೇ ಹಿತ್ತಲಿಗೆ ಹೋದ. ನನಗೆ ಎದೆಯೊಳಗೆ ಡೋಲು ಬಾರಿಸಿದಂತೆ ಖುಷಿ. ಅವ್ವ ಗೆದ್ದಳು ಎಂದೇ ತಿಳಿದುಬಿಟ್ಟೆ. ಬಣ್ಣ ಸುಳ್ಳು ಹೇಳುವುದಿಲ್ಲ, ಬಣ್ಣ ನೋಡಿದವನು ಅಪ್ಪ, ಇನ್ನು ಯಾರು ಏನು ಮಾಡಲಿಕ್ಕಾಗುತ್ತದೆ?

ನಡುಮನೆಯಲ್ಲಿ ಜಮಖಾನೆ ಹಾಸಿತ್ತು. ಹಿರಿಯರು ಗೋಡೆಗೆ ಒರಗಿ ಕೂತಿದ್ದರು, ಹೆಂಗಸರು ಅಡುಗೆಮನೆಯ ಬಾಗಿಲವರೆಗೆ ತುಂಬಿದ್ದರು. ಅಕ್ಕ ಹೊಸ ಸೀರೆಯಲ್ಲಿ ತಲೆ ತಗ್ಗಿಸಿ ಮಣೆಯ ಮೇಲಿದ್ದಳು. ಹಿತ್ತಾಳೆಯ ತಟ್ಟೆಯಲ್ಲಿ ಆಯಿ ಸಂದೂಕದಿಂದ ತೆಗೆದ ಬಿಳಿ ಸಕ್ಕರೆ. ಬೀಳಗಿ ಅತ್ತೆ ಚಿಟಿಕೆ ಸಕ್ಕರೆ ಹಿಡಿದು ಮುಂದೆ ಬಾಗಿದಾಗ ಅವ್ವ ಅವಳ ಮುಂಗೈ ಹಿಡಿದಳು. ಕೂಗಲಿಲ್ಲ. ಮನೆಗೆ ಬಂದವರನ್ನು ನೀರು ಬೇಕೇ ಎಂದು ಕೇಳುವ ದನಿಯಲ್ಲಿ ಹೇಳಿದಳು.

“ಬ್ಯಾಡ್ರಿ ಅಕ್ಕಾರ. ನನ್ನ ಮಗಳನ್ನ ನಾ ನಿಮ್ಮ ಮನಿಗೆ ಕೊಡೂದಿಲ್ಲ. ನಿಮ್ಮ ಮೊದಲಿನ ಸೊಸಿ ಬೆನ್ನ ನಾ ನೋಡೇನಿ.”

ಒಬ್ಬ ಹಿರಿಯರು ಕೆಮ್ಮಿದರು. ಅತ್ತೆಯ ಮುಖ ಕಪ್ಪಿಟ್ಟಿತು, ಆದರೆ ಅರೆಕ್ಷಣ ಮಾತ್ರ. ಆಯಿ ಹಣೆ ಬಡಿದುಕೊಂಡಳು.

“ಅಯ್ಯ ಶಿವನೇ, ಇಕಿ ಸಕ್ರಿ ಇಳೀತಲ್ಲೋ! ಇಂಥಾ ಹೊತ್ತಿನ್ಯಾಗ! ಹಾಕ, ಲಗೂನ ಬಾಯಾಗ ಹಾಕ!”

ನಾನು ಜನರ ನಡುವೆ ನುಗ್ಗಿಕೊಂಡು ಹೋಗಿ ಅವ್ವನ ತುರುಬಿನ ಕೆಳಗೆ ಕೈಯಿಟ್ಟೆ. “ಒಣಾ ಐತಿ!” ಎಂದು ಚೀರಿದೆ. “ಆಯೀ, ಒಣಾ ಐತಿ! ಬೆವರಿಲ್ಲ! ಅಪ್ಪಾ, ನೀ ಹೇಳೋ, ಇಟ್ಟಂಗಿ ಬಣ್ಣ ಬಂದಿತ್ತು!” ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವ್ವನೂ ಅಪ್ಪನನ್ನೇ ನೋಡುತ್ತಿದ್ದಳು. ಒಂದು ಮಾತು ಅವನ ಬಾಯಿಂದ ಬರಬೇಕಿತ್ತು, ಒಂದೇ ಒಂದು. ಅವನು ಅಕ್ಕನ ಮುಖ ನೋಡಿದ, ತನ್ನ ಅವ್ವನ ಮುಖ ನೋಡಿದ, ಹಿರಿಯರ ಕಡೆಗೆ ತಿರುಗಿ ಕೈಮುಗಿದ.

“ಅಕಿಗೆ ಬ್ಯಾನಿ ಐತ್ರಿ. ಹಿರಿಯಾರು ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಅತ್ತೆ ಚಿಟಿಕೆಯಲ್ಲ, ಮುಷ್ಟಿ ತುಂಬ ಸಕ್ಕರೆ ತೆಗೆದು ಅವ್ವನ ಬಾಯಿಗೆ ಒತ್ತಿದಳು. ಎಲ್ಲರೂ ಕಂಡರು. ಹೆಂಗಸರು ಅಂದದ್ದು ಆರಾಮಾಯಿತೇ ಎಂದಲ್ಲ, ಬಾಯಿ ಸೀ ಆತು, ಬಾಯಿ ಸೀ ಆತು ಎಂದು. ಸೋಬಾನೆ ಎತ್ತಿದರು. ಅವ್ವನ ಗಲ್ಲ ಉಬ್ಬಿತ್ತು, ತುಟಿಯ ಮೇಲೆ ಸಕ್ಕರೆ ಹತ್ತಿತ್ತು. ಉಗುಳವ್ವಾ, ಉಗುಳು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಉಗುಳಲಿಲ್ಲ. ಹೆಣ್ಣಿನ ತಾಯಿ ಆ ಸಕ್ಕರೆಯನ್ನು ಉಗುಳಿದರೆ ಆ ಹೆಣ್ಣು ಎಲ್ಲಿ ಹೋದರೂ ಬಾಳುವುದಿಲ್ಲ, ಕುಂಕುಮ ಉಳಿಯುವುದಿಲ್ಲ ಎಂದು ನಮ್ಮವರ ನಂಬಿಕೆ. ಅವ್ವನದೂ ಅದೇ ನಂಬಿಕೆ. ಕಣ್ಣು ಮುಚ್ಚಿ, ಗಂಟಲು ಎರಡು ಸಲ ಆಡಿಸಿ, ನುಂಗಿದಳು.

ಅಕ್ಕ ಬೀಳಗಿಯ ಬಾವಿಗೆ ಹಾರಲಿಲ್ಲ. ಬಾಳಿದಳು, ಮಕ್ಕಳನ್ನು ಹೆತ್ತಳು. ತವರಿಗೆ ಬಂದಾಗ ಕುಪ್ಪಸ ಬದಲಿಸಲು ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಿರುಗಿ ಹೋಗುವ ದಿನ ಬೆಳಗಿನಿಂದಲೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಅವ್ವ ಆಮೇಲೆ ಯಾರ ಎದುರಿಗೂ ದನಿ ಎತ್ತಲಿಲ್ಲ. ಸಕ್ಕರೆ ನಿಜವಾಗಿ ಇಳಿದ ದಿನವೂ ಸುಮ್ಮನೆ ರಾಟಿ ತಿರುವುತ್ತ ಕೂತಿರುತ್ತಿದ್ದಳು. ನಾವು ಹೋಗಿ ಮುಟ್ಟಿ ನೋಡಿದರಷ್ಟೇ ತಿಳಿಯಬೇಕು. ಇದೆಲ್ಲ ಮುಂದಿನ ಮಾತು. ಆ ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವ್ವ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಮಂದಿಗೆ ಹೋಳಿಗೆ ಬೇಯಿಸುತ್ತಿದ್ದಳು. ನಾನು ಪಕ್ಕದಲ್ಲಿ ಬಿಕ್ಕುತ್ತಿದ್ದೆ. ಅಕ್ಕ ಹೊಸ ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಓಡಿ ಬಂದಳು. ಕೈತುಂಬ ಹಸಿರು ಬಳೆ. ಅವ್ವನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗಾಬರಿಯಾದ ಮುಖದಲ್ಲಿ ಅವಳ ಹಣೆ ಮುಟ್ಟಿ ನೋಡಿದಳು.

“ಅವ್ವಾ, ಈಗ ಆರಾಮ ಅದಿಯೇನ? ಏನೇನೋ ಅಂದ್ಯಲ್ಲ, ನನಗ ಹೆದರಿಕಿ ಬಂತು. ಅದು ಸಕ್ರಿ ಇಳದದ್ದಕ್ಕ ಹೌದಲ್ಲ?”

ನಾನು ಬಾಯಿ ತೆರೆದೆ. ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಅಕ್ಕನ ಮುಖವನ್ನು ನೋಡಿದಳು.

“ಹೂಂನವಾ, ಇಳದಿತ್ತು,” ಎಂದಳು. “ಈಗ ಆರಾಮ ಅದೇನಿ. ನೀ ಹೋಗಿ ನಿಮ್ಮತ್ತಿ ಕಾಲಿಗೆ ಬೀಳ, ಹೋಗ.”